ಹುಬ್ಬಳ್ಳಿಯೋ ಸಾಂಬ್ರಾವೋ: ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ ಮತ್ತು ಸರಿಯಾದ ಆಯ್ಕೆ

ಕಿತ್ತೂರು ಕರ್ನಾಟಕದ ಪ್ರಯಾಣಿಕರಿಗೆ ಎರಡು ವಿಮಾನ ನಿಲ್ದಾಣಗಳು ಎಟುಕುವ ದೂರದಲ್ಲಿವೆ. ಒಂದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಇನ್ನೊಂದು ಬೆಳಗಾವಿ ನಗರದಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದ ಸಾಂಬ್ರಾದಲ್ಲಿದೆ. ಬೆಂಗಳೂರಿಗೋ ಮುಂಬಯಿಗೋ ಹೈದರಾಬಾದಿಗೋ ಹೊರಡಬೇಕಾದಾಗ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು ಎಂಬ ಪ್ರಶ್ನೆ ಧಾರವಾಡ, ಕಿತ್ತೂರು, ಬೈಲಹೊಂಗಲ, ಸವದತ್ತಿ, ದಾಂಡೇಲಿ, ಬಾಗಲಕೋಟೆಗಳ ಅನೇಕ ಮನೆಗಳಲ್ಲಿ ಏಳುತ್ತದೆ. ಹುಡುಕಿದವರಿಗೆ ಮೊದಲು ಸಿಗುವುದು ಎರಡು ಸಂಖ್ಯೆಗಳು: ನಿಲ್ದಾಣದಿಂದ ನಿಲ್ದಾಣಕ್ಕೆ ಇಷ್ಟು ಕಿಲೋಮೀಟರ್, ಹಾರಾಟಕ್ಕೆ ಇಷ್ಟು ನಿಮಿಷ. ಆ ಸಂಖ್ಯೆಗಳು ತಪ್ಪಲ್ಲವಾದರೂ ನಿರ್ಧಾರಕ್ಕೆ ಅವು ಸಾಲವು. ಈ ಎರಡು ನಿಲ್ದಾಣಗಳ ಮಟ್ಟಿಗೆ ಆಕಾಶದಲ್ಲಿ ಆಗುವ ವ್ಯತ್ಯಾಸ ಕೆಲವೇ ನಿಮಿಷಗಳದ್ದು. ನೆಲದ ಮೇಲೆ ಆಗುವ ವ್ಯತ್ಯಾಸ ಗಂಟೆಗಳದ್ದು. ವಿಮಾನ ಹಾರದೇ ಹೋದ ದಿನ ಪ್ರಯಾಣಿಕನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಇವೆರಡಕ್ಕಿಂತಲೂ ದೊಡ್ಡ ವ್ಯತ್ಯಾಸ.

ಮೊದಲು ಈ ಎರಡು ನಿಲ್ದಾಣಗಳ ನಡುವಿನ ದೂರವನ್ನೇ ನೋಡೋಣ. ಅಕ್ಷಾಂಶ ರೇಖಾಂಶಗಳಿಂದ ಲೆಕ್ಕ ಹಾಕಿದರೆ ಗೋಕುಲ ರಸ್ತೆಯ ನಿಲ್ದಾಣದಿಂದ ಸಾಂಬ್ರಾಕ್ಕೆ ನೇರ ಗೆರೆಯಲ್ಲಿ ಸುಮಾರು 74 ಕಿ.ಮೀ., ಅಂದರೆ 40 ನಾಟಿಕಲ್ ಮೈಲಿ ಆಗುತ್ತದೆ. ಧಾರವಾಡ, ಕಿತ್ತೂರುಗಳ ಮೇಲೆ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಅಂದರೆ ಜನ ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುವ ಪುಣೆ–ಬೆಂಗಳೂರು ರಸ್ತೆಯಲ್ಲಿ, ಅದೇ ದೂರ ಸುಮಾರು 100 ಕಿ.ಮೀ. ಆಗುತ್ತದೆ. ರೈಲಿನಲ್ಲಿ ಹೋದರೆ ಹುಬ್ಬಳ್ಳಿ ನಿಲ್ದಾಣದಿಂದ ಬೆಳಗಾವಿ ನಿಲ್ದಾಣಕ್ಕೆ ಸುಮಾರು 142 ಕಿ.ಮೀ., ಏಕೆಂದರೆ ಹಳಿ ಕಿತ್ತೂರಿನ ಕಡೆ ಹೋಗದೆ ಅಳ್ನಾವರ, ಲೋಂಡಾ, ಖಾನಾಪುರಗಳ ಕಾಡಿನ ಸೆರಗನ್ನು ಬಳಸಿ ಬರುತ್ತದೆ. ಒಂದೇ ಜೋಡಿ ಊರುಗಳ ನಡುವೆ 74, 100, 142 ಎಂಬ ಮೂರು ದೂರಗಳಿವೆ, ಮೂರೂ ನಿಜವೇ. ಧಾರವಾಡದಿಂದ ಕಿತ್ತೂರಿನ ಮೂಲಕ ಬೆಳಗಾವಿಗೆ ನೇರವಾದ ಹೊಸ ರೈಲು ಮಾರ್ಗ ಮಂಜೂರಾಗಿದ್ದು, ಅದು ಪೂರ್ಣಗೊಂಡಾಗ ಮೂರನೆಯ ಸಂಖ್ಯೆ ಬಹಳಷ್ಟು ಇಳಿಯಲಿದೆ.

ಇಷ್ಟು ಹತ್ತಿರದ ಎರಡು ನಿಲ್ದಾಣಗಳ ನಡುವೆ ವಿಮಾನದಲ್ಲಿ ಓಡಾಡುವುದಕ್ಕೆ ಅರ್ಥವಿಲ್ಲ. 74 ಕಿ.ಮೀ. ದೂರಕ್ಕೆ ವಿಮಾನ ಏರಿ ಸಮತಟ್ಟಾಗುವ ಮೊದಲೇ ಇಳಿಯಲು ಆರಂಭಿಸಬೇಕಾಗುತ್ತದೆ. ಕಾಗದದ ಮೇಲೆ ಹದಿನೈದು ಇಪ್ಪತ್ತು ನಿಮಿಷವೆಂದು ಕಾಣುವ ಆ ಹಾರಾಟಕ್ಕೆ ನಿಲ್ದಾಣದಲ್ಲಿನ ಕಾಯುವಿಕೆಯನ್ನು ಸೇರಿಸಿದರೆ ರಸ್ತೆಯ ಎರಡು ಗಂಟೆಗಿಂತ ಅದೇ ಹೆಚ್ಚಾದೀತು. ಹೀಗಾಗಿ ಇವೆರಡರ ನಡುವಿನ ದೂರಕ್ಕೆ ಬೇರೊಂದು ಬಗೆಯ ಮಹತ್ವವಿದೆ. ಒಂದು ನಿಲ್ದಾಣದ ಬದಲು ಇನ್ನೊಂದನ್ನು ಬಳಸಬೇಕಾಗಿ ಬಂದಾಗ ತೆರಬೇಕಾದ ಬೆಲೆ ಅದು. ಬೆಳಗಾವಿಯವರು ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುವುದಾದರೆ ಟಿಕೆಟಿನ ದರಕ್ಕೆ 100 ಕಿ.ಮೀ. ರಸ್ತೆಯ ಬಾಡಿಗೆಯನ್ನೂ ಎರಡು ಗಂಟೆಯನ್ನೂ ಕೂಡಿಸಿಯೇ ಹೋಲಿಸಬೇಕು. ಹಿಂದಿರುಗುವ ದಿನ ರಾತ್ರಿಯ ವಿಮಾನವಾದರೆ ಆ ಎರಡು ಗಂಟೆ ಇನ್ನಷ್ಟು ಭಾರವಾಗುತ್ತದೆ.

ಇನ್ನು ಈ ಎರಡು ನಿಲ್ದಾಣಗಳಿಂದ ದೊಡ್ಡ ಊರುಗಳಿಗೆ ಇರುವ ನೇರ ದೂರ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹುಬ್ಬಳ್ಳಿಯಿಂದ ಸುಮಾರು 370 ಕಿ.ಮೀ., ಸಾಂಬ್ರಾದಿಂದ ಸುಮಾರು 445 ಕಿ.ಮೀ. ಮುಂಬಯಿಯ ಛತ್ರಪತಿ ಶಿವಾಜಿ ನಿಲ್ದಾಣಕ್ಕೆ ಲೆಕ್ಕ ತಿರುವುಮುರುವಾಗುತ್ತದೆ: ಹುಬ್ಬಳ್ಳಿಯಿಂದ ಸುಮಾರು 475, ಸಾಂಬ್ರಾದಿಂದ ಸುಮಾರು 403. ಹೈದರಾಬಾದಿನ ಶಂಶಾಬಾದ್ ನಿಲ್ದಾಣಕ್ಕೆ ಕ್ರಮವಾಗಿ ಸುಮಾರು 413 ಮತ್ತು 435; ದೆಹಲಿಯ ಇಂದಿರಾ ಗಾಂಧಿ ನಿಲ್ದಾಣಕ್ಕೆ ಸುಮಾರು 1477 ಮತ್ತು 1430. ಇವು ಭೂಮಿಯ ಮೈಮೇಲೆ ಎಳೆದ ಅತಿ ಚಿಕ್ಕ ಗೆರೆಯ ಅಳತೆಗಳು. ವಿಮಾನ ನಿಗದಿತ ವಾಯುಮಾರ್ಗದಲ್ಲಿ, ವಾಯು ಸಂಚಾರ ನಿಯಂತ್ರಕರ ಸೂಚನೆಯಂತೆ ಹಾರುವುದರಿಂದ ವಾಸ್ತವದಲ್ಲಿ ಕ್ರಮಿಸುವ ದೂರ ಇವುಗಳಿಗಿಂತ ತುಸು ಹೆಚ್ಚೇ ಇರುತ್ತದೆ.

ಎರಡು ನಿಲ್ದಾಣಗಳ ನಡುವಿನ ಅತಿ ದೊಡ್ಡ ವ್ಯತ್ಯಾಸವೆಂದರೆ ಬೆಂಗಳೂರು ಮತ್ತು ಮುಂಬಯಿ ದಿಕ್ಕಿನ 70 ಚಿಲ್ಲರೆ ಕಿ.ಮೀ. ಇದನ್ನು ಪಂಖಗಳಿರುವ ಎಟಿಆರ್ ವಿಮಾನ ಒಂಬತ್ತು ನಿಮಿಷದಲ್ಲಿ, ಜೆಟ್ ವಿಮಾನ ಆರು ನಿಮಿಷದೊಳಗೆ ದಾಟುತ್ತದೆ. ಬೆಳಗಾವಿಯಿಂದ ಬೆಂಗಳೂರಿನ ಹಾರಾಟ ದೀರ್ಘ, ಹುಬ್ಬಳ್ಳಿಯದು ಚಿಕ್ಕದು ಎಂದು ಯಾರಾದರೂ ನಿಲ್ದಾಣ ಬದಲಿಸುವುದಾದರೆ, ಆರರಿಂದ ಒಂಬತ್ತು ನಿಮಿಷ ಉಳಿಸಲು ಎರಡು ಗಂಟೆ ಖರ್ಚು ಮಾಡಿದಂತಾಗುತ್ತದೆ.

ಹಾರಾಟದ ಸಮಯವೆಂದು ಟಿಕೆಟಿನ ಮೇಲೆ ನಮೂದಾಗುವುದು ಏನೆಂಬುದನ್ನೂ ಅರಿತಿರಬೇಕು. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ತಲುಪಿದ ಊರಿನಲ್ಲಿ ಮತ್ತೆ ನಿಲ್ಲುವವರೆಗಿನ ಒಟ್ಟು ಅವಧಿ ಅದು. ವಿಮಾನಯಾನದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇಗೆ ಸಾಗುವುದು, ಸರದಿ ಕಾಯುವುದು, ಏರುವುದು, ಇಳಿಯುವುದು, ಇಳಿದ ಮೇಲೆ ಟರ್ಮಿನಲ್‌ಗೆ ಬರುವುದು ಎಲ್ಲವೂ ಇದರೊಳಗೇ ಸೇರಿರುತ್ತವೆ. 370 ಕಿ.ಮೀ. ದೂರವನ್ನು ಗಂಟೆಗೆ 500 ಕಿ.ಮೀ. ವೇಗದ ವಿಮಾನ 45 ನಿಮಿಷದಲ್ಲಿ ದಾಟಬೇಕಲ್ಲ, ಟಿಕೆಟಿನಲ್ಲಿ ಒಂದು ಗಂಟೆ ಹದಿನೈದು ನಿಮಿಷವೆಂದು ಏಕಿದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಆ ಉಳಿದ ಅರ್ಧ ಗಂಟೆ ದೂರಕ್ಕೆ ಸಂಬಂಧಿಸಿದ್ದಲ್ಲ. 300 ಕಿ.ಮೀ. ಹಾರಿದರೂ 1500 ಕಿ.ಮೀ. ಹಾರಿದರೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ; ಆದ್ದರಿಂದಲೇ ಹತ್ತಿರದ ಊರಿಗೆ ವಿಮಾನದ ಲಾಭ ಕರಗುತ್ತದೆ, ದೂರದ ಊರಿಗೆ ಬೆಳೆಯುತ್ತದೆ.

ವಿಮಾನದ ಬಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಜನ ಭಾವಿಸುವಷ್ಟು ಮಟ್ಟಿಗೆ ಅಲ್ಲ. ಈ ಭಾಗದಲ್ಲಿ ಓಡಾಡುವ ವಿಮಾನಗಳು ಮುಖ್ಯವಾಗಿ ಮೂರು ಬಗೆಯವು: ರೆಕ್ಕೆಯಲ್ಲಿ ಪಂಖಗಳಿರುವ, 78 ಆಸನಗಳ ಎಟಿಆರ್ 72, 50 ಅಥವಾ 76 ಆಸನಗಳ ಎಂಬ್ರೇಯರ್ ಜೆಟ್, 180ರ ಆಸುಪಾಸಿನ ಆಸನಗಳ ಏರ್‌ಬಸ್ ಎ320. ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರಿದರೆ ಜೆಟ್‌ಗಳು 800 ಕಿ.ಮೀ. ದಾಟುತ್ತವೆ. ಆದರೂ ಬೆಂಗಳೂರಿನ ಮಾರ್ಗದಲ್ಲಿ ಜೆಟ್ ಉಳಿಸುವುದು ಹತ್ತು ಹದಿನೈದು ನಿಮಿಷ ಮಾತ್ರ. ಹತ್ತು ಸಾವಿರ ಅಡಿಗಿಂತ ಕೆಳಗೆ ವಿಮಾನಗಳ ವೇಗಕ್ಕೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮಿತಿ ಇದೆ. ಚಿಕ್ಕ ಹಾರಾಟದಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಬಹುಪಾಲು ಸಮಯ ಕಳೆಯುವುದರಿಂದ ಜೆಟ್ ತನ್ನ ಪೂರ್ಣ ವೇಗದಲ್ಲಿ ಹಾರುವ ಅವಧಿ ಅಲ್ಪವೇ. ದೆಹಲಿಯ ಮಾರ್ಗದಲ್ಲಾದರೆ ಈ ವ್ಯತ್ಯಾಸ ಒಂದು ಗಂಟೆಯ ಆಸುಪಾಸಿನಷ್ಟು ಆಗುತ್ತಿತ್ತು. ಅಲ್ಲಿಗೆ ಎಟಿಆರ್ ಕಳಿಸದಿರುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಸಂಗತಿ ಗಮನಿಸುವಂಥದು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ, ಪೂರ್ವದ ಗಾಳಿ ಇದ್ದ ದಿನ ವಾಯವ್ಯದಿಂದ ಬರುವ ಹುಬ್ಬಳ್ಳಿ, ಬೆಳಗಾವಿಗಳ ವಿಮಾನ ಬಹುತೇಕ ನೇರವಾಗಿ ಇಳಿಯಬಹುದು. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸುವಾಗ ಅದೇ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹೊರಳಿ ಬಂದು ಇಳಿಯಬೇಕು. ಬೆಳಗಿನ ಮತ್ತು ಸಂಜೆಯ ದಟ್ಟಣೆಯಲ್ಲಿ ಸರದಿಗಾಗಿ ಸುತ್ತು ಹೊಡೆಯುವುದೂ ಉಂಟು. ಎರಡು ನಿಲ್ದಾಣಗಳ ನಡುವಿನ ಆ ಆರರಿಂದ ಒಂಬತ್ತು ನಿಮಿಷಗಳ ಅಂತರ ಇಂಥ ಒಂದು ಸುತ್ತಿನಲ್ಲಿ ಹೇಳಹೆಸರಿಲ್ಲದೆ ಹೋಗುತ್ತದೆ.

ಹಾಗಾದರೆ ಆಯ್ಕೆಯನ್ನು ನಿರ್ಧರಿಸುವ ಮೊದಲ ಅಂಶ ಮನೆಯಿಂದ ನಿಲ್ದಾಣಕ್ಕೆ ಇರುವ ದಾರಿ. ಹುಬ್ಬಳ್ಳಿ ಮತ್ತು ಬೆಳಗಾವಿ ನಗರಗಳ ನಿವಾಸಿಗಳಿಗೆ ಇದರಲ್ಲಿ ಯೋಚಿಸುವುದೇನೂ ಇಲ್ಲ. ಧಾರವಾಡದವರಿಗೆ ಗೋಕುಲ ರಸ್ತೆ ಸುಮಾರು 20 ಕಿ.ಮೀ. ದೂರದಲ್ಲಿದ್ದು, ಸಾಂಬ್ರಾ ಅದರ ನಾಲ್ಕು ಪಟ್ಟು ದೂರವಿರುವುದರಿಂದ ಹುಬ್ಬಳ್ಳಿಯೇ ಸರಿ. ಚಿಗರಿ ಬಸ್ಸು ಅವಳಿ ನಗರಗಳ ನಡುವೆ ತನ್ನದೇ ಮೀಸಲು ಪಥದಲ್ಲಿ ಬೇಗ ಸಾಗುತ್ತದೆ, ಆದರೆ ಅದು ನಿಲ್ದಾಣದ ಬಾಗಿಲಿಗೆ ಹೋಗುವುದಿಲ್ಲ. ಇಳಿದು ಆಟೊ ಹಿಡಿಯಬೇಕಾಗುತ್ತದೆ ಎಂಬುದನ್ನು ಲಗೇಜು ಹೆಚ್ಚಿರುವವರು ನೆನಪಿಡಬೇಕು. ಗದಗ, ಹಾವೇರಿ, ಶಿರಸಿ, ಬಾದಾಮಿಗಳಿಗೂ ಹುಬ್ಬಳ್ಳಿಯೇ ಸಹಜವಾದ ನಿಲ್ದಾಣ. ದಾಂಡೇಲಿ ಮತ್ತು ಹಳಿಯಾಳದವರು ಧಾರವಾಡದ ಮೇಲೆ ಹಾಯ್ದು ಹುಬ್ಬಳ್ಳಿಗೆ ಬರುವುದು ಒಳ್ಳೆಯದು. ಖಾನಾಪುರ, ಗೋಕಾಕ, ಚಿಕ್ಕೋಡಿಗಳಿಗೆ ಸಾಂಬ್ರಾ.

ಸವದತ್ತಿಯ ವಿಷಯದಲ್ಲಿ ಜಿಲ್ಲೆಯ ಗಡಿ ದಾರಿ ತಪ್ಪಿಸುತ್ತದೆ. ಅದು ಬೆಳಗಾವಿ ಜಿಲ್ಲೆಯ ತಾಲ್ಲೂಕು. ಕಚೇರಿಯ ಕೆಲಸಗಳಿಗೆ ಜನ ಬೆಳಗಾವಿಗೇ ಹೋಗುತ್ತಾರೆ. ಆದರೆ ಸವದತ್ತಿಯಿಂದ ಧಾರವಾಡ ಸುಮಾರು 40 ಕಿ.ಮೀ. ದೂರವಿದ್ದು, ಅಲ್ಲಿಂದ ಗೋಕುಲ ರಸ್ತೆಗೆ ಇನ್ನು 20 ಕಿ.ಮೀ. ಸಾಕು. ಯಲ್ಲಮ್ಮನ ಗುಡ್ಡಕ್ಕೆ ಹೊರ ರಾಜ್ಯಗಳಿಂದ ವಿಮಾನದಲ್ಲಿ ಬರುವ ಭಕ್ತರಿಗೂ ಇದೇ ಅನ್ವಯಿಸುತ್ತದೆ.

ಸಾಂಬ್ರಾಕ್ಕೆ ಒಂದು ಅನುಕೂಲವಿದೆ, ನಕ್ಷೆಯನ್ನು ಎಚ್ಚರಿಕೆಯಿಂದ ನೋಡದವರಿಗೆ ಅದು ಹೊಳೆಯುವುದಿಲ್ಲ. ನಿಲ್ದಾಣ ಇರುವುದು ಬೆಳಗಾವಿಯಿಂದ ಬಾಗಲಕೋಟೆಯ ಕಡೆ ಹೋಗುವ ರಸ್ತೆಯಲ್ಲಿ. ನೇಸರಗಿ, ಯರಗಟ್ಟಿ, ಲೋಕಾಪುರಗಳ ಕಡೆಯಿಂದ ಬರುವವರಿಗೆ ಅದು ನಗರಕ್ಕಿಂತ ಮೊದಲೇ ಸಿಗುತ್ತದೆ. ಬೆಳಗಾವಿಯ ಪೇಟೆಯ ಸಂಚಾರದಟ್ಟಣೆಯನ್ನು ದಾಟುವ ಅಗತ್ಯ ಅವರಿಗಿಲ್ಲ. ಹೆದ್ದಾರಿಯ ಕಡೆಯಿಂದ, ಅಂದರೆ ಕಿತ್ತೂರು ಅಥವಾ ನಿಪ್ಪಾಣಿಯ ಕಡೆಯಿಂದ ಬರುವವರಿಗೆ ಮಾತ್ರ ನಗರದ ಅಂಚನ್ನಾದರೂ ಹಾಯುವುದು ಅನಿವಾರ್ಯ. ಬೈಲಹೊಂಗಲದವರಿಗೆ ಧಾರವಾಡವೂ ಬೆಳಗಾವಿಯೂ ಹೆಚ್ಚುಕಡಿಮೆ ಸಮದೂರದ ಊರುಗಳಾಗಿ ಕಂಡರೂ, ಧಾರವಾಡ ತಲುಪಿದ ಮೇಲೆ ಹುಬ್ಬಳ್ಳಿಯವರೆಗೆ ಇನ್ನೂ ಹೋಗಬೇಕಾದ್ದರಿಂದ ಸಾಂಬ್ರಾದ ಕಡೆಗೇ ತಕ್ಕಡಿ ವಾಲುತ್ತದೆ.

ಎರಡರ ಸರಿಸುಮಾರು ನಡುವೆ ನಿಂತಿರುವ ಊರು ಕಿತ್ತೂರು. ಅಲ್ಲಿಂದ ಎರಡೂ ಕಡೆಗೆ ಒಂದು ಗಂಟೆಯ ಆಸುಪಾಸಿನ ದಾರಿ. ದೂರವನ್ನು ನೋಡಿ ಆರಿಸುವುದು ಅಲ್ಲಿ ಸಾಧ್ಯವಿಲ್ಲ. ಕಿತ್ತೂರಿನವರು ತಾವು ಹೋಗಬೇಕಾದ ಊರಿಗೆ ಯಾವ ನಿಲ್ದಾಣದಿಂದ ನೇರ ವಿಮಾನವಿದೆ, ಯಾವ ಹೊತ್ತಿಗಿದೆ ಎಂಬುದನ್ನಷ್ಟೇ ನೋಡಬೇಕು. ಹುಬ್ಬಳ್ಳಿ–ಧಾರವಾಡ ಬೈಪಾಸಿನ ಅಗಲೀಕರಣ ನಡೆಯುತ್ತಿರುವಷ್ಟು ಕಾಲ ಆ ಕಡೆಯ ದಾರಿಗೆ ಅರ್ಧ ಗಂಟೆ ಹೆಚ್ಚಿಟ್ಟುಕೊಳ್ಳುವುದು ಕ್ಷೇಮ. ದ್ವಿಪಥವಾಗಿದ್ದ ಆ ಬೈಪಾಸಿನಲ್ಲಿ ಪ್ರಾಣ ಕಳೆದುಕೊಂಡವರು ಬಹಳ ಮಂದಿ. ವಿಮಾನ ತಪ್ಪೀತೆಂಬ ಆತುರದಲ್ಲಿ ಅಲ್ಲಿ ವಾಹನ ಓಡಿಸಬಾರದು ಎಂದು ಇಲ್ಲಿ ಒತ್ತಿ ಹೇಳಬೇಕೆನಿಸುತ್ತದೆ.

ಎರಡನೆಯ ಅಂಶ, ವಿಮಾನವೇ ಬೇಕೇ ಎಂಬುದು. ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಹುಬ್ಬಳ್ಳಿಯವರ ಉತ್ತರವೂ ಬೆಳಗಾವಿಯವರ ಉತ್ತರವೂ ಬೇರೆಬೇರೆ. ಹುಬ್ಬಳ್ಳಿಯ ವಿದ್ಯಾನಗರದ ಮನೆಯೊಂದರಿಂದ ಬೆಂಗಳೂರಿನ ಜಯನಗರಕ್ಕೆ ಹೊರಟ ಪ್ರಯಾಣಿಕರನ್ನು ಊಹಿಸಿಕೊಳ್ಳೋಣ. ಮನೆಯಿಂದ ನಿಲ್ದಾಣಕ್ಕೆ 25 ನಿಮಿಷ. ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅಲ್ಲಿ ಕನಿಷ್ಠ 75 ನಿಮಿಷ. ಹಾರಾಟ 75 ನಿಮಿಷ. ಇಳಿದು ಲಗೇಜು ಪಡೆದು ಹೊರಬರಲು 25 ನಿಮಿಷ. ದೇವನಹಳ್ಳಿಯಿಂದ ಊರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಜಯನಗರ ಮುಟ್ಟಲು ಒಂದೂವರೆ ಗಂಟೆ. ಒಟ್ಟು ಐದು ಗಂಟೆಗೆ ಹತ್ತು ನಿಮಿಷ ಕಡಿಮೆ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ 469 ಕಿ.ಮೀ. ದಾರಿಯನ್ನು ಆರು ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದ ಕೂಡಲೇ ಮೆಟ್ರೊ ಸಿಗುತ್ತದೆ; ಮನೆಯಿಂದ ಮನೆಗೆ ಏಳು ಗಂಟೆಯಿಂದ ಏಳೂಕಾಲು ಗಂಟೆ ಸಾಕು. ವಿಮಾನ ಉಳಿಸಿದ್ದು ಎರಡು ಗಂಟೆಗಿಂತ ತುಸು ಹೆಚ್ಚು. ಆ ಎರಡು ಗಂಟೆಗೆ ತೆರುವ ಹೆಚ್ಚಿನ ಹಣ, ಟ್ಯಾಕ್ಸಿಯ ಬಾಡಿಗೆ, ಭದ್ರತಾ ತಪಾಸಣೆಯ ಸಾಲು ಇವೆಲ್ಲ ಒಪ್ಪಿಗೆಯಾಗುತ್ತವೆಯೇ ಎಂಬುದು ಅವರವರ ಕೆಲಸಕ್ಕೆ ಬಿಟ್ಟದ್ದು. ನನ್ನ ಅಭಿಪ್ರಾಯದಲ್ಲಿ ಹುಬ್ಬಳ್ಳಿ–ಧಾರವಾಡದವರು ಬೆಂಗಳೂರಿನ ದಕ್ಷಿಣ ಅಥವಾ ಪಶ್ಚಿಮ ಭಾಗಕ್ಕೆ ಹೋಗುವುದಾದರೆ ರೈಲನ್ನೇ ಮೊದಲು ನೋಡಬೇಕು. ಯಲಹಂಕ, ಹೆಬ್ಬಾಳ, ದೇವನಹಳ್ಳಿಗಳ ಕಡೆಗಾದರೆ ಅಥವಾ ಅಲ್ಲಿಂದ ವಿದೇಶದ ವಿಮಾನ ಹಿಡಿಯುವುದಾದರೆ ವಿಮಾನವೇ ತಕ್ಕದ್ದು.

ಬೆಳಗಾವಿಯವರಿಗೆ ಇದೇ ಲೆಕ್ಕ ಬೇರೆ ಫಲ ಕೊಡುತ್ತದೆ. ಮನೆಯಿಂದ ಸಾಂಬ್ರಾಕ್ಕೆ ಅರ್ಧ ಗಂಟೆ, ಹಾರಾಟಕ್ಕೆ ಒಂದು ಗಂಟೆ ಇಪ್ಪತ್ತೈದು ನಿಮಿಷ ಎಂದಿಟ್ಟುಕೊಂಡರೂ ಒಟ್ಟು ಸಮಯ ಐದು ಗಂಟೆಯನ್ನು ಅಷ್ಟಾಗಿ ಮೀರುವುದಿಲ್ಲ. ಆದರೆ ರೈಲಿಗೆ ಲೋಂಡಾದ ಬಳಸುದಾರಿ ಅನಿವಾರ್ಯ. ಬೆಂಗಳೂರಿಗೆ 611 ಕಿ.ಮೀ. ಆಗುತ್ತದೆ. 2025ರ ಆಗಸ್ಟ್ 10ರಂದು ಚಾಲನೆ ಪಡೆದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಕೂಡ ಸುಮಾರು ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ಮನೆಯಿಂದ ಮನೆಗೆ ಒಂಬತ್ತೂವರೆ ಗಂಟೆಗೆ ಕಡಿಮೆಯಿಲ್ಲ. ಹುಬ್ಬಳ್ಳಿಯವರಿಗೆ ಎರಡು ಗಂಟೆ ಉಳಿಸಿದ ವಿಮಾನ ಬೆಳಗಾವಿಯವರಿಗೆ ನಾಲ್ಕೂವರೆ ಗಂಟೆ ಉಳಿಸುತ್ತದೆ. ಹಗಲಿನಲ್ಲೇ ಹೋಗಿ ಕೆಲಸ ಮುಗಿಸಬೇಕಾದವರಿಗೆ ಸಾಂಬ್ರಾದ ವಿಮಾನಕ್ಕೆ ನಿಜವಾದ ಬದಲಿ ಇಲ್ಲ. ರಾತ್ರಿಯ ಸ್ಲೀಪರ್ ಬಸ್ಸು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲುಗಳು ಬೇರೆ ಬಗೆಯ ಆಯ್ಕೆಗಳು. ಮಲಗಿದ ಸಮಯ ವ್ಯರ್ಥವಲ್ಲವೆಂದು ತಿಳಿಯುವವರಿಗೆ ಅವು ಎಂದಿಗೂ ಒಳ್ಳೆಯವೇ.

ಪುಣೆಗೆ ಹೋಗುವವರು ಬೆಳಗಾವಿಯಿಂದ ವಿಮಾನವನ್ನು ಹುಡುಕುವ ಅಗತ್ಯವಿಲ್ಲ. ರಸ್ತೆಯಲ್ಲಿ ಸುಮಾರು 340 ಕಿ.ಮೀ. ಆಗುವ ಆ ದಾರಿಗೆ ಬಸ್ಸುಗಳಿಗೆ ಬರವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬೆಳಗಾವಿಯ ಮೇಲೆಯೇ ಹೋಗುತ್ತದೆ. ಮುಂಬಯಿಗೆ ವಿಮಾನದ ಲಾಭ ಸ್ಪಷ್ಟವಿದೆ, ಅದರಲ್ಲೂ ಬೆಳಗಾವಿಯಿಂದ. ಆದರೆ ನವಿ ಮುಂಬಯಿಯ ಹೊಸ ನಿಲ್ದಾಣ 2025ರಲ್ಲಿ ಉದ್ಘಾಟನೆಗೊಂಡಿರುವುದರಿಂದ ಟಿಕೆಟು ಯಾವ ನಿಲ್ದಾಣದ್ದೆಂದು ಓದಿ ನೋಡಿಯೇ ಹಣ ಕಟ್ಟಬೇಕು. ಅಂಧೇರಿಯ ಬಂಧುಗಳ ಮನೆಗೆ ಹೊರಟವರು ಪನವೇಲಿನ ಬಳಿ ಇಳಿದರೆ ಉಳಿಸಿದ ಸಮಯವೆಲ್ಲ ಕೊಲ್ಲಿಯ ಆಚೆಯ ದಾರಿಯಲ್ಲೇ ಹೋಗುತ್ತದೆ. ದೆಹಲಿಗೂ ಇದೇ ಎಚ್ಚರಿಕೆ ಬೇಕು: ಹುಬ್ಬಳ್ಳಿಯಿಂದ ಗಾಜಿಯಾಬಾದ್ ಬದಿಯ ಹಿಂಡನ್ ನಿಲ್ದಾಣಕ್ಕೆ 2019ರಿಂದ ವಿಮಾನ ಹಾರಿದ್ದುಂಟು, ಅದು ಇಂದಿರಾ ಗಾಂಧಿ ನಿಲ್ದಾಣಕ್ಕಿಂತ ಬೇರೆ ದಿಕ್ಕಿನಲ್ಲಿದೆ. ದೆಹಲಿಗೆ ರೈಲಿನಲ್ಲಿ ಒಂದೂವರೆ ದಿನ ಹಿಡಿಯುವುದರಿಂದ, ಎರಡೂವರೆ ಗಂಟೆಯ ನೇರ ವಿಮಾನವಿದ್ದರೆ ಅದಕ್ಕಾಗಿ ಪಕ್ಕದ ನಿಲ್ದಾಣದವರೆಗೆ 100 ಕಿ.ಮೀ. ಹೋಗುವುದೂ ಸಾರ್ಥಕ. ನಿಲ್ದಾಣ ಬದಲಿಸುವುದು ಲಾಭಕರವಾಗುವುದು ಇಂಥ ದೂರದ ಊರುಗಳಿಗೆ. ಹೈದರಾಬಾದಿಗೂ ಹಾಗೆಯೇ: ರೈಲಿಗೆ ರಾತ್ರಿಯಿಡೀ ಬೇಕು, ಎರಡೂ ನಿಲ್ದಾಣಗಳಿಂದ ನೇರ ದೂರ ಬಹುತೇಕ ಒಂದೇ.

ಮೂರನೆಯ ಅಂಶ ವೇಳಾಪಟ್ಟಿ. ಯಾವ ನಿಲ್ದಾಣದಿಂದ ಯಾವ ಊರಿಗೆ ವಿಮಾನವಿದೆ ಎಂಬುದು ಸ್ಥಿರವಾದ ಸಂಗತಿಯಲ್ಲ. ಮಾರ್ಚ್ ಕೊನೆಯಲ್ಲಿ ಬೇಸಿಗೆಯ ವೇಳಾಪಟ್ಟಿ, ಅಕ್ಟೋಬರ್ ಕೊನೆಯಲ್ಲಿ ಚಳಿಗಾಲದ ವೇಳಾಪಟ್ಟಿ ಜಾರಿಗೆ ಬರುತ್ತವೆ. ಸಣ್ಣ ನಿಲ್ದಾಣಗಳ ಮಾರ್ಗಗಳು ಹುಟ್ಟುವುದೂ ಅಳಿಯುವುದೂ ಹೆಚ್ಚಾಗಿ ಈ ಎರಡು ಸಂಧಿಗಳಲ್ಲಿ. ಕೇಂದ್ರದ ಉಡಾನ್ ಯೋಜನೆ ಇದರ ಹಿಂದಿರುವ ದೊಡ್ಡ ಕಾರಣ. ಆ ಯೋಜನೆಯಡಿ ಆಯ್ದ ಮಾರ್ಗಗಳ ಒಂದಿಷ್ಟು ಆಸನಗಳಿಗೆ ದರದ ಮಿತಿ ಇರುತ್ತದೆ, ವಿಮಾನ ಸಂಸ್ಥೆಗೆ ನಷ್ಟ ತುಂಬಿಕೊಡಲು ಮೂರು ವರ್ಷ ನೆರವು ಸಿಗುತ್ತದೆ. ಹುಬ್ಬಳ್ಳಿಗೆ ಆ ಸೌಲಭ್ಯ ಮೊದಲು ದೊರೆತಾಗ, 2018ರಲ್ಲಿ, ಸಾಂಬ್ರಾದಿಂದ ಹಾರುತ್ತಿದ್ದ ವಿಮಾನಗಳು ಹುಬ್ಬಳ್ಳಿಗೆ ಸ್ಥಳಾಂತರಗೊಂಡು ಬೆಳಗಾವಿ ಬಹುತೇಕ ಬರಿದಾಯಿತು. ಮರುವರ್ಷ ಯೋಜನೆಯ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೆ ಹಲವು ಮಾರ್ಗಗಳು ಸಿಕ್ಕಾಗ ಅಲ್ಲಿ ಮತ್ತೆ ಜೀವ ಬಂತು. ನೆರೆಯ ಎರಡು ನಿಲ್ದಾಣಗಳು ಒಂದರ ಪ್ರಯಾಣಿಕರನ್ನು ಇನ್ನೊಂದು ಸೆಳೆದುಕೊಳ್ಳುವಂಥ ಸ್ಥಿತಿ ಈ ಸೀಮೆಗೆ ಹಿತವಲ್ಲ. ಎರಡಕ್ಕೂ ಸಾಕಾಗುವಷ್ಟು ಜನ ಇಲ್ಲಿದ್ದಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಕಟ್ಟಡ, ರನ್‌ವೇಗಳ ಮಟ್ಟಿಗೆ ಎರಡರಲ್ಲೂ ಕೊರತೆಯಿಲ್ಲ: ಎರಡಕ್ಕೂ 2017ರಲ್ಲಿ ಹೊಸ ಟರ್ಮಿನಲ್ ಬಂದಿತು, ಹುಬ್ಬಳ್ಳಿಯ ರನ್‌ವೇ 2600 ಮೀಟರಿಗೂ ಸಾಂಬ್ರಾದ್ದು 2300 ಮೀಟರಿಗೂ ಬೆಳೆದು ಏರ್‌ಬಸ್ ಎ320 ಇಳಿಯುವಂತಾಯಿತು.

ವೇಳಾಪಟ್ಟಿಗೆ ಸಂಬಂಧಿಸಿದ ಇನ್ನೊಂದು ಕಿವಿಮಾತು ಬೆಳಗಾವಿಯವರಿಗೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ, ಅಂದರೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಬೆಂಗಳೂರಿನ ವಿಮಾನಗಳು ಶಾಸಕರು, ಅಧಿಕಾರಿಗಳಿಂದ ತುಂಬಿ ದರ ಏರುತ್ತದೆ. ಸೋಮವಾರ ಬೆಳಿಗ್ಗೆ ಬೆಳಗಾವಿಗೆ ಬರುವ ಮತ್ತು ಶುಕ್ರವಾರ ಸಂಜೆ ಬೆಂಗಳೂರಿಗೆ ಹೋಗುವ ವಿಮಾನಗಳನ್ನು ಆ ವಾರಗಳಲ್ಲಿ ಬಿಟ್ಟು ಹುಬ್ಬಳ್ಳಿಯಿಂದ ನೋಡುವುದರಲ್ಲಿ ಅರ್ಥವಿದೆ.

ಕೊನೆಯ ಅಂಶ ಹವಾಮಾನ ಮತ್ತು ರದ್ದತಿ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟಗಳ ಮಗ್ಗುಲಲ್ಲಿದೆ. ಹುಬ್ಬಳ್ಳಿಯ ನಿಲ್ದಾಣ ಸುಮಾರು 662 ಮೀಟರ್ ಎತ್ತರದಲ್ಲಿ, ಘಟ್ಟದಿಂದ ತುಸು ದೂರದಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗಾವಿಯಲ್ಲಿ ಮಳೆ ಹೆಚ್ಚು, ಮೋಡ ಕೆಳಮಟ್ಟಕ್ಕೆ ಇಳಿಯುವುದೂ ಹೆಚ್ಚು. ಗೋಚರತೆ ಸಾಲದಾದಾಗ ವಿಮಾನ ಆಕಾಶದಲ್ಲಿ ಕಾಯುತ್ತದೆ, ಆಗಲೂ ಆಗದಿದ್ದರೆ ಬೇರೊಂದು ನಿಲ್ದಾಣಕ್ಕೆ ತಿರುಗುತ್ತದೆ, ಇಲ್ಲವೇ ಹೊರಟ ಊರಿಗೇ ಮರಳುತ್ತದೆ. ಆ ತಿಂಗಳುಗಳಲ್ಲಿ ಬೆಳಗಿನ ಮೊದಲ ವಿಮಾನಕ್ಕಿಂತ ಮಧ್ಯಾಹ್ನದ್ದು ಮೇಲು. ಆಸ್ಪತ್ರೆ, ಪರೀಕ್ಷೆ, ನ್ಯಾಯಾಲಯ, ವಿದೇಶದ ವಿಮಾನ ಇಂಥ ತಪ್ಪಿಸಲಾಗದ ಕೆಲಸವಿದ್ದರೆ ಹಿಂದಿನ ದಿನವೇ ಹೊರಡುವುದು ಉತ್ತಮ. ದಿನಕ್ಕೆ ಒಂದೇ ವಿಮಾನವಿರುವ ಮಾರ್ಗದಲ್ಲಿ ರದ್ದತಿಯ ಪೆಟ್ಟು ದೊಡ್ಡದು, ಏಕೆಂದರೆ 50 ಅಥವಾ 78 ಆಸನಗಳ ಮರುದಿನದ ವಿಮಾನ ಆಗಲೇ ತುಂಬಿರುತ್ತದೆ. ಹುಬ್ಬಳ್ಳಿಯಲ್ಲಿದ್ದವರಿಗೆ ಅಂಥ ಹೊತ್ತಿನಲ್ಲಿ ರೈಲುಗಳ ದೊಡ್ಡ ಜಂಕ್ಷನ್ನೇ ಕೆಲವು ಕಿಲೋಮೀಟರ್ ದೂರದಲ್ಲಿದೆ. ಸಂಜೆಯ ವಿಮಾನ ರದ್ದಾದರೆ ರಾತ್ರಿಯ ರೈಲಿನಲ್ಲೋ ವಾಯವ್ಯ ಸಾರಿಗೆಯ ಬಸ್ಸಿನಲ್ಲೋ ಹೊರಟು ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿರಬಹುದು. ಬೆಳಗಾವಿಯಲ್ಲೂ ಈ ದಾರಿ ಇದೆ, ಆದರೆ ಅಲ್ಲಿ ಬೇಗ ನಿರ್ಧರಿಸಿ ಬೇಗ ಹೊರಡಬೇಕು.

ಬ್ಲಾಕ್ ಟೈಮ್‌ನ ಸಂಖ್ಯೆ ಪ್ರಯಾಣಿಕರಿಗೆ ನಿಜವಾಗಿ ಉಪಯೋಗಕ್ಕೆ ಬರುವುದೂ ಇಂಥ ಸಂದರ್ಭದಲ್ಲೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ನಿಗದಿತ ಅವಧಿಯೊಳಗೆ ತಿಳಿಸದೆ ವಿಮಾನ ರದ್ದು ಮಾಡಿದರೆ ಸಂಸ್ಥೆ ಪರಿಹಾರ ಕೊಡಬೇಕು. ಒಂದು ಗಂಟೆಯವರೆಗಿನ ಹಾರಾಟಕ್ಕೆ 5000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7500, ಎರಡು ಗಂಟೆ ಮೀರಿದ್ದಕ್ಕೆ 10,000 ಗರಿಷ್ಠ ಮಿತಿ. ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ. ಹುಬ್ಬಳ್ಳಿ, ಬೆಳಗಾವಿಗಳಿಂದ ಬೆಂಗಳೂರು, ಮುಂಬಯಿಗೆ ಹಾರುವ ವಿಮಾನಗಳು ಸಾಮಾನ್ಯವಾಗಿ ನಡುವಿನ ವರ್ಗಕ್ಕೆ, ದೆಹಲಿಯವು ಕೊನೆಯ ವರ್ಗಕ್ಕೆ ಸೇರುತ್ತವೆ. ಹವಾಮಾನದಂಥ, ಸಂಸ್ಥೆಯ ಹಿಡಿತಕ್ಕೆ ಮೀರಿದ ಕಾರಣಗಳಿಗೆ ಈ ಪರಿಹಾರ ಇಲ್ಲ, ಆದರೆ ಹಣ ಮರಳಿ ಪಡೆಯುವ ಅಥವಾ ಬೇರೆ ವಿಮಾನ ಕೇಳುವ ಹಕ್ಕು ಉಳಿಯುತ್ತದೆ. ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ, ಸಮಯಕ್ಕೆ ಚೆಕ್-ಇನ್ ಮಾಡಿದವರಿಗೆ ಊಟ ಉಪಾಹಾರ ಒದಗಿಸಬೇಕು ಎಂಬುದೂ ಅದೇ ನಿಯಮದಲ್ಲಿದೆ.

ಎರಡು ನಿಲ್ದಾಣಗಳ ಹೋಲಿಕೆ ಮಾಡುವಾಗ ಅಂಚಿನ ಊರುಗಳವರು ಮೂರನೆಯದನ್ನು ಮರೆಯಬಾರದು. ನಿಪ್ಪಾಣಿಯವರಿಗೆ ಕೊಲ್ಹಾಪುರದ ಉಜಳಾಯಿವಾಡಿ ನಿಲ್ದಾಣ ಸಾಂಬ್ರಾಕ್ಕಿಂತ ಹತ್ತಿರ. ಕಾರವಾರದವರಿಗೆ ಹುಬ್ಬಳ್ಳಿಗಿಂತ ಗೋವೆಯ ದಾಬೋಳಿಯೇ ಬಹಳ ಸಮೀಪ. ದೇಶದ ದೂರದ ಊರುಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ನೇರ ವಿಮಾನ ಬೇಕಾದ ಬೆಳಗಾವಿಯವರಿಗೆ 2023ರ ಜನವರಿಯಿಂದ ವಿಮಾನ ಹಾರುತ್ತಿರುವ ಗೋವೆಯ ಮೋಪಾ ನಿಲ್ದಾಣವೂ ಇದೆ. ಚೋರ್ಲಾ ಘಟ್ಟದ ಮೂಲಕ ಹೋಗುವ ಆ ದಾರಿ ಹುಬ್ಬಳ್ಳಿಗಿಂತ ಬಹಳ ದೂರವೇನಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿತ, ಮಂಜು, ಭಾರದ ಲಾರಿಗಳಿಂದ ನಿಧಾನವಾಗುತ್ತದೆ. ಆಗ ಗೋವೆಯ ವಿಮಾನಕ್ಕೆ ಹೊರಡುವವರು ಹಗಲಿನಲ್ಲೇ ಘಟ್ಟ ಇಳಿದಿರುವಂತೆ ವೇಳೆ ಹೊಂದಿಸಿಕೊಂಡು ಟಿಕೆಟು ಆರಿಸಬೇಕು.